ತಲೆ ಮುಂದಾಗಿ ಬಂದ ಕಂಬಗಳು

ತರೀಕೆರೆ
ಬುಧವಾರ, 12 ಫೆಬ್ರವರಿ 2025

ಬೂದುಗುಂಬಳದ ರಸ ಕುಡಿಯುತ್ತಿರುವ ನನ್ನ ಅಪ್ಪಾಜಿಗೆ,

ನಿಮ್ಮ ಮಗಳು ಕೃತಿಕಾಳ ಶರಣು. ಸೊಂಟ ಹೇಗಿದೆ? ಹೊಟ್ಟೆಗೆ ಮಣ್ಣಿನ ಪಟ್ಟಿ ಹಾಕ್ತಾರೆ, ಉಪ್ಪು ಮುಟ್ಟಿಸಲ್ಲ ಅಂತ ಅಮ್ಮ ಹೇಳಿದಾಗ ನಾನು ನಿಂತಲ್ಲೇ ಎರಡು ನಿಮಿಷ ಮೌನ ಆಚರಿಸಿದೆ. ಆ ಪ್ರಕೃತಿ ಚಿಕಿತ್ಸೆಯವರು ಭಾನುವಾರ ಮಾತ್ರ ಫೋನು ಕೊಡ್ತಾರಂತಲ್ಲ, ಅದಕ್ಕೇ ಈ ಕಾಗದ. ಭಾನುವಾರ ಫೋನು ಕೈಗೆ ಬಂದ ಕೂಡಲೇ ಷಣ್ಮುಖಪ್ಪ ಚಿಕ್ಕಪ್ಪ ಕರೆ ಮಾಡಿ, ಮುನೀರಣ್ಣನನ್ನು ನಮ್ಮ ಪಿಕಪ್‌ನಿಂದ ಇಳಿಸಿ ಅನ್ನುತ್ತಾರೆ. ಹನ್ನೆರಡು ವರ್ಷ ನಮ್ಮ ಗಾಡಿ ಓಡಿಸಿದ ಮನುಷ್ಯ ಅವನು. ಇದನ್ನು ಕೊನೆವರೆಗೂ ಓದದೆ ನೀವು ಹೂಂ ಅನ್ನಬಾರದು.

ಸೋಮವಾರದ ಪುಣ್ಯಯಾತ್ರೆಯ ವರದಿ ಹೀಗಿದೆ. ಅಜ್ಜಂಪುರದ ಹೊಸ ಮನೆಗೆ ಅರಮನೆ ಥರದ ಪೋರ್ಟಿಕೋ ಬೇಕು ಅಂತ ಚಿಕ್ಕಪ್ಪ ಇಲ್ಲಿಯ ಸಾಮಿಲ್‌ನಲ್ಲಿ ನಾಲ್ಕು ಸಿಲ್ವರ್ ಓಕ್ ಕಂಬ ಆರಿಸಿದ್ದರು. ಒಂದೊಂದೂ ಹದಿಮೂರು ಅಡಿ. ಬುಡ ಒರಳಿನಷ್ಟು ದಪ್ಪ, ತುದಿ ಒನಕೆಗಿಂತ ಸ್ವಲ್ಪ ದಪ್ಪ. ನಮ್ಮ ಪಿಕಪ್ಪಿನ ಬಾಡಿ ಎಂಟೇ ಅಡಿ. ಐದಡಿ ಹೊರಗೆ. ನೀವು ಹೇಳಿಕೊಟ್ಟ ಹಾಗೆ ಮುನೀರಣ್ಣ ಬುಡವನ್ನು ಕ್ಯಾಬಿನ್ನಿಗೆ ಒತ್ತಿಸಿ, ತೆಳ್ಳಗಿನ ತುದಿ ಹಿಂದಕ್ಕೆ ಬಿಟ್ಟು, ಎರಡು ಕಡೆ ಹಗ್ಗ ಬಿಗಿಯೋಕೆ ಶುರು ಮಾಡಿದ್ದ. ಹಿಂದಿನ ಗಾಡಿಗಳಿಗೆ ಕಾಣಲಿ ಅಂತ ತುದಿಗೆ ಕಟ್ಟೋಕೆ ಕೆಂಪು ಬಟ್ಟೆ ಸಿಗದೆ ನನ್ನ ಹೊಸ ದುಪಟ್ಟಾ ತ್ಯಾಗ ಮಾಡಿದ್ದೆ. ಅಷ್ಟರಲ್ಲಿ ಅಲ್ಲಿ ಒಂದು ಶಾಸ್ತ್ರವಾಕ್ಯ ಉದ್ಭವವಾಯಿತು: ಮನೆಗೆ ಬರುವ ಕಂಬ ತಲೆ ಮುಂದಾಗಿ ಬರಬೇಕು, ಬುಡ ಮುಂದಾಗಿ ಬಂದರೆ ಹೆಣ ಕಾಲು ಮುಂದಾಗಿ ಹೋದ ಹಾಗೆ. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ನಾಲ್ಕೂ ಕಂಬ ಇಳಿಸಿ, ತಿರುಗಿಸಿ, ಬುಡ ಹಿಂದಕ್ಕೆ ಹಾಕಿಸಿದರು. "ಭಾರವೆಲ್ಲ ಹಿಂದಕ್ಕೆ ಬತ್ತದೆ ಷಣ್ಮುಖಣ್ಣ, ಗಾಡಿ ಮೂತಿ ಎತ್ತುತ್ತೆ, ಬ್ಯಾಡ" ಅಂದ ಮುನೀರಣ್ಣ. "ಲೇ ಮುನೀರ, ಸ್ಟೇರಿಂಗ್ ನಿಂದು, ಮನೆ ನಂದು ಕಣೋ" ಅಂದರು. ಎರಡು ಸಲ ಬೇಡ ಅಂದ. ಮೂರನೇ ಸಲ ಚಿಕ್ಕಪ್ಪ ನಿಮ್ಮ ಹೆಸರು ತೆಗೆದರು, ಅವನು ಹಗ್ಗ ಕೈಗೆತ್ತಿಕೊಂಡ.

ದಾರಿಯುದ್ದಕ್ಕೂ ಗಾಡಿ ಗಗನ ನೋಡುತ್ತಾ ಹೋಯಿತು. ಸ್ಟೇರಿಂಗ್ ಹಗುರಾಗಿ ಹಿಡಿತಕ್ಕೇ ಸಿಕ್ತಿಲ್ಲ ಅಂತ ಮುನೀರಣ್ಣ ಇಪ್ಪತ್ತರಲ್ಲೇ ಓಡಿಸಿದ. ನಡುವೆ ಕೂತ ಚಿಕ್ಕಪ್ಪ ಎಲೆಅಡಿಕೆ ಜಗಿದು, ನನ್ನನ್ನು ದಾಟಿ ಕಿಟಕಿಯಾಚೆ ಉಗಿಯುತ್ತಾ, ಸೀಟಿನ ಮೇಲೂ ಒಂದಿಷ್ಟು ಪ್ರಸಾದ ಬಿಟ್ಟರು. ಥೂ! ಅಜ್ಜಂಪುರ ಇನ್ನೆರಡು ಮೈಲಿ ಅನ್ನುವಾಗ ಒಂದು ಹಂಪ್. ಮುನೀರಣ್ಣ ಬಸವನಹುಳುವಿನಂತೆ ಹತ್ತಿಸಿದ, ಅಪ್ಪಾಜಿ, ಆಣೆಗೂ. ಆದರೂ ಮುಂದಿನ ಚಕ್ರ ನೆಲ ಬಿಟ್ಟಿತು, ಹಗ್ಗ ಪಟ್ ಅಂತು, ಒಂದು ಕಂಬ ಜಾರಿತು. ಹಿಂದೆ ಸ್ಕೂಲ್ ಆಟೋ. ಆರು ಚಿಕ್ಕ ಮಕ್ಕಳು. ಕಂಬದ ಬುಡ ಆಟೋ ಗಾಜಿಗೆ ಒಂದು ಗೇಣು ಇರುವಾಗ ನಿಂತಿತು. ನಾನು ಇಳಿದು ಅಳೆದೆ, ನನ್ನದೇ ಗೇಣು.

ಮುನೀರಣ್ಣ ಆಟೋದೊಳಗೆ ಒಂದೊಂದೇ ತಲೆ ಎಣಿಸಿ ನೋಡಿ, ರಸ್ತೆ ಬದಿ ಕುಕ್ಕರಿಸಿದ. ಚಿಕ್ಕಪ್ಪ ಇಳಿದು ಕೇಳಿದ ಮೊದಲ ಮಾತು, "ಕಂಬಕ್ಕೆ ಏಟಾಯ್ತೇನೋ?" ಎರಡನೆಯದು, "ಕಟ್ಟೋಕ್ ಬರಲ್ಲ ಇವನಿಗೆ." ಇಂಥವರ ಮನೆಯಲ್ಲಿ ಹಬ್ಬದೂಟಕ್ಕೆ ಕೂತು ಹೋಳಿಗೆ ತಿಂದಿದ್ದೀನಲ್ಲ ಅಂತ ನೆನೆದರೆ ಈಗಲೂ ಅಸಹ್ಯವಾಗುತ್ತೆ. ಸೇರಿದ ಜನರಲ್ಲಿ ಅರ್ಧ ವಿಡಿಯೋ ಮಾಡಿದರು, ಇನ್ನರ್ಧ ಕಂಬದ ಮೇಲೆ ಕೂತು ಗುಟ್ಕಾ ಹರಿದರು. ಕೊನೆಗೆ ಟ್ರಾಕ್ಟರ್ ಬಂತು. ಟ್ರೈಲರ್‌ಗೂ ತಲೆ ಮುಂದಾಗಿಯೇ ಹಾಕಿಸಿದರು, ಮಹಾನುಭಾವರು. ಸಂಜೆ ಮುನೀರಣ್ಣ ಬಂದು, ಗಾಡಿ ಕೀ ನಮ್ಮ ಬಾಗಿಲ ಪಕ್ಕದ ಮೊಳೆಗೆ ತಾನೇ ಸಿಕ್ಕಿಸಿ, ಟೀ ಕೂಡ ಕುಡಿಯದೆ ಹೋದ.

ಅಮ್ಮ ಚೆನ್ನಾಗಿದ್ದಾಳೆ, ನಿಮ್ಮ ಪಾಲಿನ ಉಪ್ಪಿನಕಾಯಿಯನ್ನು ನಾವಿಬ್ಬರೂ ಭಕ್ತಿಯಿಂದ ಮುಗಿಸುತ್ತಿದ್ದೇವೆ. ಸೊಂಟ ನೆಟ್ಟಗಾಗಿ ಬೇಗ ಬನ್ನಿ.

ನಿಮ್ಮ ಪಾದದ ಧೂಳು, ಸದ್ಯಕ್ಕೆ ಮಣ್ಣಿನ ಪಟ್ಟಿ,
ಕೃತಿಕಾ

ತಾ.ಕ.: ಪೋಸ್ಟ್ ಆಫೀಸು ಮುಚ್ಚುವ ಹೊತ್ತಾಯಿತು, ಬೇಗ ಹೇಳಿಬಿಡ್ತೀನಿ. ಆ ಶಾಸ್ತ್ರವಾಕ್ಯ ಉದ್ಭವವಾಗಿದ್ದು ನನ್ನ ಬಾಯಲ್ಲಿ. ಮಠದ ಹಿರಿಯರೊಬ್ಬರು ಹೇಳಿದ್ದು ಅಂತ ಕಣ್ಣು ಮುಚ್ಚಿ, ಗಂಭೀರವಾಗಿ ಬಿಟ್ಟೆ. ನಮ್ಮಲ್ಲಿ ಹೆಣವನ್ನು ಕೂರಿಸಿಕೊಂಡು ಹೋಗ್ತಾರೆ, ಕಾಲು ಮುಂದು ತಲೆ ಮುಂದು ಅನ್ನೋ ಪ್ರಶ್ನೆಯೇ ಇಲ್ಲ, ಚಿಕ್ಕಪ್ಪ ಈಗ ನಗ್ತಾರೆ, ಈಗ ನಗ್ತಾರೆ ಅಂತ ಕಾದೆ. ನಗಲಿಲ್ಲ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ. ಮೇಲೆ ಬರೆದ ಅಸಹ್ಯವೆಲ್ಲ ಚಿಕ್ಕಪ್ಪನ ಮೇಲೆ ಅಂದುಕೊಂಡಿರಾ? ಅರ್ಧ ಮಾತ್ರ. ಈ ಕಾಗದ ಡಬ್ಬಕ್ಕೆ ಹಾಕಿ ನೇರ ಅಜ್ಜಂಪುರದ ಬಸ್ ಹತ್ತುತ್ತೀನಿ, ಅವರಿಗೂ ಹೇಳ್ತೀನಿ. ಭಾನುವಾರ ಮೊದಲ ಕರೆ ಮುನೀರಣ್ಣನಿಗೆ ಮಾಡಿ, ಕೀ ತಗೋ ಅನ್ನಿ. ಇದು ನನ್ನ ತಮಾಷೆ ಅಂತ ಅವನಿಗೆ ಸಾಮಿಲ್‌ನಲ್ಲೇ ಗೊತ್ತಾಗಿತ್ತು. ಇವತ್ತಿನವರೆಗೂ ಯಾರ ಹತ್ತಿರವೂ ನನ್ನ ಹೆಸರು ಎತ್ತಿಲ್ಲ. ಹಗ್ಗ ಬಿಗಿಯುವಾಗ ನನಗೊಬ್ಬಳಿಗೇ ಕೇಳುವ ಹಾಗೆ ಇಷ್ಟೇ ಅಂದಿದ್ದ: "ನಿನ್ ಶಾಸ್ತ್ರ ನಿಮ್ ಚಿಕ್ಕಪ್ಪ ಕೇಳ್ತಾರೆ ಪುಟ್ಟಿ, ಹಗ್ಗ ಕೇಳಬೇಕಲ್ಲ."