ಸುನಯನ ಮಸ್ತಾನನ ವಿಳಾಸ

6 ಜನವರಿ 2025, ಸೋಮವಾರ, ಬೆಳಿಗ್ಗೆ

ಅಂಗಡಿ ತೆಗೆದೆ. ಎಣ್ಣೆ ಕುಪ್ಪಿ, ಹಳೇ ಬನಿಯನ್ ಬಟ್ಟೆ, ಸ್ಕ್ರೂಗಳ ಡಬ್ಬಿ — ಎಲ್ಲ ಅದರದರ ಜಾಗದಲ್ಲಿ. ಎದುರಿಗೆ ಸಿದ್ದರಾಜುವಿನ ಮಗ್ಗ ಆಗಲೇ ಗಡಗಡ. ಅದು ನಿಂತ ದಿನ ನನಗೆ ಕೆಲಸವೇ ಓಡುವುದಿಲ್ಲ.

ಬೆಳಿಗ್ಗೆಯೇ ಎರಡು ಫೋನು. ಒಂದು ನೆಲಮಂಗಲ, ಒಂದು ದೇವನಹಳ್ಳಿ. ಮೊದಲಾದರೆ ದೊಡ್ಡಬಳ್ಳಾಪುರದ ಈ ಬೀದಿ ದಾಟಿ ಯಾರು ಕೇಳುತ್ತಿದ್ದರು? ಎಲ್ಲ ಸೊಸೆ ಬುಷ್ರಾಳ ಪುಣ್ಯ. ಗಾರ್ಮೆಂಟ್ಸ್‌ನಲ್ಲಿ ಲೆಕ್ಕ ಬರೆದು ದಣಿದು ಬಂದು, ಕೂತು, ನನಗೊಂದು ವೆಬ್‌ಸೈಟ್ ಮಾಡಿಕೊಟ್ಟಳು. ವಿಳಾಸ: ಸುನಯನ ಸರ್ವಿಸ್ ದೊಡ್ಡಬಳ್ಳಾಪುರ ಡಾಟ್ ಇನ್. ಮೇಲೆ ಸುನಯನ ಹೊಲಿಗೆ ಮೆಷೀನಿನ ಮೇಲಿರುವ ಅದೇ ಕಣ್ಣಿನ ಗುರುತು. “ಜನ ಹುಡುಕೋದು ಮೆಷೀನ್ ಹೆಸರಲ್ಲಿ ಮಾಮೂ. ಮಸ್ತಾನ್ ಅಂತ ಯಾರು ಹುಡುಕ್ತಾರೆ?” ಅಂದಳು. ಸರಿಯಾದ ಮಾತೇ. ಊರಿಗೂ ನಾನು ಬರೀ ಮಸ್ತಾನ್ ಅಲ್ಲ, ಸುನಯನ ಮಸ್ತಾನ್. ಹರೆಯದಿಂದ ಅದೊಂದೇ ಕಂಪನಿಯ ಹೊಲಿಗೆ ಮೆಷೀನು ಬಿಚ್ಚಿ ಜೋಡಿಸಿದವನು.

ನನ್ನಾಕೆ ಕಮರ್ ಜಹಾನ್ ಮಾತ್ರ ಮದುವೆಯಾದಾಗಿನಿಂದ ಆ ಹೆಸರಿಗೆ ಸವತಿ ಎನ್ನುತ್ತಾಳೆ.

9 ಜನವರಿ, ಗುರುವಾರ

ನಂದಗುಡಿಯಿಂದ ಒಬ್ಬ ಹೆಂಗಸು. ಹೆಸರು ಮುತ್ತಮ್ಮ. ಹೊಸಾ ಸುನಯನ ಮೋಟರ್ ಮೆಷೀನನ್ನು ಹಳೇ ಸೀರೆಯಲ್ಲಿ ಕೂಸಿನಂತೆ ಸುತ್ತಿಕೊಂಡು, ಬಸ್ಸು ಬದಲಿಸಿ ಬದಲಿಸಿ ಬಂದಿದ್ದಾಳೆ. ಅಡಿಯಲ್ಲಿ ದಾರ ಗಂಟು ಬೀಳುತ್ತಿತ್ತು. ತಳದ ಸೀಲ್ ಕಿತ್ತು ಬಿಚ್ಚಿದೆ, ಸರಿಮಾಡಿದೆ, ಎಣ್ಣೆ ಬಿಟ್ಟೆ. ಹೊಲಿಗೆ ಮಲ್ಲಿಗೆ ದಂಡೆಯಂತೆ ಬಂತು.

“ಎಷ್ಟಣ್ಣಾ?”

“ಹೊಲಿಯೋಕೆ ಶುರು ಮಾಡಿ ಎಷ್ಟು ದಿನ ಆಯ್ತಮ್ಮ?”

“ದೀಪಾವಳಿಯಿಂದ. ಸಂಘದಲ್ಲಿ ಸಾಲ ತಗೊಂಡು.”

“ಹಂಗಾದ್ರೆ ಬೇಡ ಹೋಗು.”

ಹೊಸದಾಗಿ ಹೊಲಿದು ಬದುಕಲು ಹೊರಟ ಹೆಂಗಸಿನ ಮೊದಲ ರಿಪೇರಿಗೆ ಕೈ ಚಾಚಬಾರದು. ನನಗೆ ಕೆಲಸ ಕಲಿಸಿದ ಉಸ್ತಾದರು ಹಾಕಿದ ಕಟ್ಟಳೆ, ಮುರಿದಿಲ್ಲ. “ಒಳ್ಳೇ ಕಂಪ್ನಿ ಕಣಣ್ಣ” ಎಂದು ಹರಸಿ, ಚೀಲದ ಅವರೆಕಾಯಿ ಸುರಿದು ಹೋದಳು. ಮನೆಯಲ್ಲಿ ಸಾರು ಘಮಘಮ. ಬರಕತ್ತು ಎಂದರೆ ಇದೇ.

20 ಜನವರಿ, ಸೋಮವಾರ, ಸಂಜೆ

ರಿಜಿಸ್ಟರ್ ಪೋಸ್ಟು. ಬುಷ್ರಾಳಿಗೂ ಮೇಲ್. ಸುನಯನ ಕಂಪನಿಯ ವಕೀಲರಿಂದ. ಹೆಸರೂ ಕಣ್ಣಿನ ಗುರುತೂ ಅವರ ಟ್ರೇಡ್‌ಮಾರ್ಕ್ ಅಂತೆ. ತಿಂಗಳೊಳಗೆ ಗುರುತು ತೆಗೆದು ವಿಳಾಸ ಅವರಿಗೆ ಒಪ್ಪಿಸಬೇಕು. ಇಲ್ಲದಿದ್ದರೆ ದಾವೆ, ಪರಿಹಾರ...

ಕಮರ್ ಜಹಾನ್ ಬಾಗಿಲಿಗೆ ಒರಗಿ — “ನೋಡಿ ಜೀ, ಇಷ್ಟು ವರ್ಷಕ್ಕೆ ಸವತಿ ತವರು ಮನೆಯೋರು ಬಂದ್ರು! ಮಗಳನ್ನ ವಾಪಸ್ ಕರ್ಕೊಂಡು ಹೋಗ್ತಾರಂತಾ?”

ನಗು ಬರಲಿಲ್ಲ. ಬುಷ್ರಾ ಅಳುಮೋರೆ. “ದುಡ್ಡು ಕೊಟ್ಟು ತಗೊಂಡಿದ್ದೆ ಮಾಮೂ, ಖಾಲಿ ಇದೆ ಅಂತಲೇ ತೋರಿಸ್ತು. ಖಾಲಿ ಇದ್ರೆ ನಮ್ದೇ ಅನ್ಕೊಂಡ್ಬಿಟ್ಟೆ.” ಅವಳ ತಲೆ ಸವರಿದೆ. ಒಳಗೆ ಮಾತ್ರ ಕುದಿ. ಆ ಹೆಸರು ಕೊಟ್ಟದ್ದು ಊರು. ಕಂಪನಿ ಯಾರು ಕಿತ್ತುಕೊಳ್ಳಲು?

22 ಜನವರಿ

ಲಕ್ಷ್ಮಯ್ಯ ವಕೀಲರ ಮನೆ. ಸಿದ್ದರಾಜುವೂ ಜೊತೆಗೆ, ಕರೆಯದೆಯೇ.

“ಬಿಡ್ಬೇಡ ಗುರು, ಸುಪ್ರೀಂ ಕೋರ್ಟ್‌ಗೆ ಹೋಗಣ” ಅಂದ.

“ನೀನು ಬಸ್ ಚಾರ್ಜ್ ಕೊಡ್ತೀಯೇನೋ?” ಎಂದರು ಲಕ್ಷ್ಮಯ್ಯ. ಆಮೇಲೆ ನನಗೆ — “ನೋಡಿ ಸಾಬ್ರೇ. ಸುನಯನ ಮೆಷೀನ್ ರಿಪೇರಿ ಮಾಡ್ತೀನಿ ಅಂತ ಪುಟದ ಒಳಗೆ ನಿಜ ನಿಜ ಬರ್ಕೊಳ್ಳಿ, ಅದು ಬೇರೆ. ಆ ಹೆಸರನ್ನೇ ವಿಳಾಸ ಮಾಡಿ, ಗುರುತೂ ಅಂಟಿಸಿದ್ರೆ, ನೋಡಿದೋರು ನಿಮ್ಮನ್ನೇ ಕಂಪ್ನಿ ಅನ್ಕೋತಾರೆ. ನೀವು ಮೋಸ ಮಾಡಬೇಕಿಲ್ಲ. ಅವರು ಹಂಗೆ ಅನ್ಕೊಂಡ್ರೂ ಸಾಕು, ಕೇಸ್ ನಿಲ್ಲುತ್ತೆ.”

“ಯಾರು ಹಂಗೆ ಅನ್ಕೊಂಡಿದ್ದಾರೆ? ಒಬ್ಬರನ್ನ ತೋರ್ಸಿ, ಇವತ್ತೇ ಬಿಟ್ಕೊಡ್ತೀನಿ.”

ಎದ್ದು ಬಂದುಬಿಟ್ಟೆ. ಕಾಫಿ ಹಾಗೇ ಇತ್ತು. ತಪ್ಪು. ಒಳ್ಳೆಯ ಮನುಷ್ಯ, ಫೀಸೂ ಕೇಳಲಿಲ್ಲ.

11 ಫೆಬ್ರವರಿ, ಮಂಗಳವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಹೊಸಕೋಟೆಯಲ್ಲಿದ್ದ ನನ್ನಕ್ಕ, ಆಪಾ, ಬದುಕಿದ್ದಿದ್ದರೆ ಇಂಥದ್ದನ್ನೆಲ್ಲ ಕಾಗದ ಬರೆದು ಹಾಕುತ್ತಿದ್ದೆ.

ಇವತ್ತು ಮುತ್ತಮ್ಮ ಬಂದಿದ್ದಳು. ಅದೇ ಸೀರೆ ಸುತ್ತು. ಮೋಟರ್ ಸುಟ್ಟಿದೆ. ದಾರದ ಗಂಟಿಗೂ ಅದಕ್ಕೂ ಸಂಬಂಧವಿಲ್ಲ, ಹುಟ್ಟಿನಿಂದಲೇ ಬಂದ ದೋಷ. ಹೊಸಕೋಟೆಯ ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿದ್ದಾಳೆ. ಸೀಲ್ ಕಿತ್ತಿದೆ, ಹೊರಗಿನವರು ಬಿಚ್ಚಿದ್ದಾರೆ, ವಾರಂಟಿ ಇಲ್ಲ ಅಂದರಂತೆ.

“ಹೊರಗಿನೋರಲ್ಲ, ಕಂಪ್ನಿಯೋರೇ ಬಿಚ್ಚಿದ್ದು ಅಂತ ನಾನೂ ಜಗಳ ಆಡ್ದೆ ಕಣಣ್ಣ. ನೀವೇ ಬಂದು ಹೇಳ್ಬಿಡಿ.”

“ನಾನು ಕಂಪ್ನಿಯೋನು ಅಂತ ಯಾರಮ್ಮ ಹೇಳಿದ್ದು?”

“ಫೋನಲ್ಲಿ ಆ ಕಣ್ಣು ಇತ್ತಲ್ಲ, ಹೆಸರೂ ಅದೇ. ಮತ್ತೆ ನೀವು ದುಡ್ಡೂ ಇಸ್ಕೊಳ್ಳಲಿಲ್ಲ! ವಾರಂಟಿ ಇದ್ರೆ ತಾನೇ ಬಿಟ್ಟಿ?” ನನ್ನ ಮುಖ ನೋಡಿದಳು. “...ಕಂಪ್ನಿಯಲ್ವಾ?”

ಸಿಟ್ಟು ಮಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮದುವೆ ಬ್ಲೌಸುಗಳು ಒಪ್ಪಿಕೊಂಡಿದ್ದಾಳೆ. ಸಂಘದ ಕಂತು ಬೇರೆ.

ಉಸ್ತಾದರ ಕಟ್ಟಳೆಯನ್ನು ನಡೆಸಿದೆನೆಂದು ಹಿಗ್ಗಿದ್ದೆ. ಆ ಬಿಟ್ಟಿ ಕೆಲಸವೇ ನನ್ನನ್ನು ಅವಳ ಕಣ್ಣಿಗೆ ಪಕ್ಕಾ ಕಂಪನಿ ಮಾಡಿತು. ಒಬ್ಬರನ್ನು ತೋರಿಸಿ ಎಂದಿದ್ದೆನಲ್ಲ... ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದಳು.

ಅಂಗಡಿಯ ಹಿಂದೆಯೇ ಮನೆ, ಕಮರ್ ಜಹಾನ್ ಎಲ್ಲ ಕೇಳಿಸಿಕೊಂಡಿದ್ದಾಳೆ. ತನ್ನ ಮದುವೆಯ ಕೈ ಮೆಷೀನನ್ನು — ಅದೂ ಸುನಯನವೇ — ತಾನೇ ಎತ್ತಿಕೊಂಡು ಬಂದಳು. “ತಗೋ ಅಮ್ಮಾ. ನಿಂದು ಸರಿಯಾಗೋ ತನಕ ನನ್ನ ಸವತೀನ ಇಟ್ಕೋ. ತಿನ್ನೋಕೆ ಏನೂ ಕೇಳಲ್ಲ, ಎಣ್ಣೆ ಮಾತ್ರ ಕುಡೀತಾಳೆ.” ಮುತ್ತಮ್ಮ ನಕ್ಕಳು. ಆ ನಗು ನೋಡಿ ನನಗೆ ಉಸಿರು ಬಂತು. ಇಂಥವಳೊಂದಿಗೆ ಬಾಳು ಕಳೆದಿದ್ದೇನೆ. ಇದಕ್ಕಿಂತ ಇನ್ನೇನು ಕೇಳಲಿ.

12 ಫೆಬ್ರವರಿ, ಮಧ್ಯಾಹ್ನ

ನೋಟಿಸಿನಲ್ಲಿದ್ದ ನಂಬರಿಗೆ ನಾನೇ ಫೋನು ಮಾಡಿದೆ. ಕೀರ್ತನ ಎಂದು, ಕಂಪನಿಯ ವಕೀಲೆ. ಚಿಕ್ಕ ವಯಸ್ಸಿನ ದನಿ.

“ವಿಳಾಸ ತಗೊಳ್ಳಿ ಮೇಡಂ. ಕಣ್ಣಿನ ಗುರುತು ಬೆಳಿಗ್ಗೆಯೇ ತೆಗೆಸಿದ್ದೀನಿ.”

“ನಿಮ್ಮ ಕಂಡೀಷನ್ಸ್ ಏನು ಸಾರ್?”

“ಕಂಡೀಷನ್ ಏನೂ ಇಲ್ಲ. ಒಂದು ಮಾತಿದೆ, ಅದು ಬೇರೆ. ನೀವು ಇಲ್ಲ ಅಂದ್ರೂ ವಿಳಾಸ ನಿಮ್ಮದೇ.”

ಮುತ್ತಮ್ಮನ ವಿಷಯ ಹೇಳಿದೆ. ಸೀಲ್ ಕಿತ್ತವನು ನಾನು, ಅವಳಲ್ಲ. ಬರೆದುಕೊಡಿ ಎಂದರೆ ಬರೆದುಕೊಡುತ್ತೇನೆ. ಅವಳ ಹೆಸರು, ಊರು ಕೇಳಿ ಬರೆದುಕೊಂಡಳು.

“ಸಾರ್, ಇಂಥ ಕೇಸಲ್ಲಿ ಎಲ್ಲರೂ ನನಗೇನು ಕೊಡ್ತೀರಾ ಅಂತ ಕೇಳ್ತಾರೆ... ಕಳ್ಸಿ. ಪ್ರಾಮಿಸ್ ಮಾಡಲ್ಲ, ಮಾತಾಡ್ತೀನಿ.”

ಬುಷ್ರಾ ಸಂಜೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಸೀಲಿನ ಫೋಟೋ ಸಹಿತ. ಕೆಳಗೆ ನನ್ನ ಸಹಿ, ಕನ್ನಡದಲ್ಲಿ. ಲಕ್ಷ್ಮಯ್ಯನವರ ಮನೆಗೂ ಹೋಗಿ ಬಂದೆ. ಕಾಫಿ ಪೂರ್ತಿ ಕುಡಿದೆ.

24 ಫೆಬ್ರವರಿ

ವಿಳಾಸ ಹೋಯಿತು. ಫೋನು ಕರೆಗಳೂ ಹೋದವು. ವಾರದಲ್ಲಿ ಒಂದೇ ಕರೆ, ಅದೂ ಬ್ಯಾಂಕ್ ಲೋನ್ ಬೇಕಾ ಅಂತ.

ಬುಷ್ರಾ ಹೊಸದು ತೆಗೆದಿದ್ದಾಳೆ. ಮಸ್ತಾನ್ ಹೊಲಿಗೆ ಮೆಷೀನ್ ಡಾಟ್ ಇನ್. ಈ ಸಲ ತೆಗೆಯುವ ಮೊದಲು ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಹುಡುಕಿ ನೋಡಿದಳಂತೆ. “ನಿಮ್ಮ ಹೆಸರು ಯಾರೂ ರಿಜಿಸ್ಟರ್ ಮಾಡ್ಸಿಲ್ಲ ಮಾಮೂ!” “ಯಾರಿಗೆ ಬೇಕಿತ್ತು” ಅಂತ ಒಳಗಿಂದ ಕಮರ್ ಜಹಾನ್. ಪುಟದ ಮೇಲ್ಗಡೆ ದಪ್ಪಕ್ಷರದಲ್ಲಿ ನಾನೇ ಹಾಕಿಸಿದ ಸಾಲು: ನಾವು ಯಾವ ಕಂಪನಿಯವರೂ ಅಲ್ಲ. ವಾರಂಟಿ ಇದ್ದರೆ ಮೊದಲು ಕಂಪನಿಗೆ ಹೋಗಿ.

“ಗಿರಾಕೀನ ಓಡ್ಸೋಕೆ ಬೋರ್ಡ್ ಹಾಕಿದ ಮೊದಲ್ನೇ ಅಂಗಡಿ ಗುರು ಇದು” ಎಂದ ಸಿದ್ದರಾಜು. ಅಂಗಡಿಯ ಬೋರ್ಡಿನಲ್ಲೂ ಇದ್ದ ಆ ಗುರುತಿಗೆ ಬಣ್ಣ ಹಚ್ಚಿ ಕಣ್ಣು ಮುಚ್ಚಿಸಿದವನು ಮಾತ್ರ ಅವನೇ. ಮಗ್ಗ ನಿಲ್ಲಿಸಿ ಬಂದಿದ್ದ.

6 ಮಾರ್ಚ್, ಗುರುವಾರ

ರಂಜಾನ್ ರೋಜಾ ನಡೆದಿದೆ. ಇಫ್ತಾರಿಗೆ ಸ್ವಲ್ಪ ಮುಂಚೆ ಮುತ್ತಮ್ಮನ ಫೋನು. ಹೊಸಕೋಟೆಯವರೇ ಕರೆದು ಮೋಟರ್ ಬದಲಿಸಿ, ಹೊಸ ಸೀಲ್ ಒತ್ತಿ ಕೊಟ್ಟರಂತೆ. “ಈ ಸಲ ಯಾರಾದ್ರೂ ಬಿಟ್ಟಿ ಬಿಚ್ತೀನಿ ಅಂದ್ರೆ ಕೈ ಮುರೀತೀನಿ ಅಂದಿದ್ದೀನಿ ಕಣಣ್ಣ” — ನನಗೇ ಹೇಳುತ್ತಾಳೆ! ಸವತಿಯನ್ನು ಭಾನುವಾರ ವಾಪಸ್ ತರುತ್ತಾಳೆ.

ಕೀರ್ತನ ಮೇಡಂಗೆ ಥ್ಯಾಂಕ್ಸ್ ಹೇಳಿದೆ. “ನಾನೇನೂ ಮಾಡ್ಲಿಲ್ಲ ಸಾರ್” ಎಂದು ಫೋನು ಇಟ್ಟುಬಿಟ್ಟಳು. ಮಾಡಿದವರು ಹೇಳುವ ಮಾತೇ ಅದು. ಖರ್ಜೂರ ಬಾಯಿಗಿಡುವಾಗ ಅವಳ ಹೆಸರೂ ದುವಾದಲ್ಲಿ ಸೇರಿತು.

12 ಮಾರ್ಚ್, ಬೆಳಿಗ್ಗೆ

ಹಬ್ಬದ ಹೊಲಿಗೆಯ ಕಾಲ, ಆದರೂ ಅಂಗಡಿ ಖಾಲಿ. ಇದನ್ನು ಬರೆಯುತ್ತಿರುವಾಗಲೇ ಫೋನು. ಹೊಸ ವಿಳಾಸ ನೋಡಿ ಬಂದ ಮೊದಲ ಕರೆ. ಘಾಟಿ ಸುಬ್ರಹ್ಮಣ್ಯದ ಕಡೆಯವಳು. ಹೊಸದಾಗಿ ಹೊಲಿಯುತ್ತಿದ್ದಾಳಂತೆ.

“ಸುನಯನ ಕಂಪ್ನಿಯಾ?”

“ಅಲ್ಲಮ್ಮ. ನಾನು ಮಸ್ತಾನ್.”

“ಸುನಯನ ರಿಪೇರಿ ಮಾಡ್ತೀರಾ?”

“ಮಾಡ್ತೀನಿ. ಮೊದಲು ವಾರಂಟಿ ಕಾಗದ ನೋಡ್ಕೊಂಡು ಬಾ. ತಾರೀಖು ಮುಗಿದಿದೆಯಾ ಹೇಳು.”

ಇರಿ ಅಂದು ಒಳಗೆ ಹೋಗಿದ್ದಾಳೆ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪೆನ್ನು. ಅವಳ ಮನೆಯ ಕುಕ್ಕರ್ ಕೂಗುತ್ತಿದೆ. ವಾರಂಟಿ ಮುಗಿದಿರಲಿ ಅಂತ ಮನಸ್ಸು. ಮುಗಿಯದಿದ್ದರೆ ಹೊಸಕೋಟೆಯವರ ನಂಬರ್ ಕೊಡಬೇಕು, ಎದುರಿಗೇ ಬರೆದು ಅಂಟಿಸಿದ್ದೇನೆ. ಹಾಂ, ಹೆಜ್ಜೆ ಸದ್ದು... ಬಂದಳು —