ಹಾಡದ ಕಬ್ಬಿಣ

ಏಪ್ರಿಲ್ 16, ಮಂಗಳವಾರ

ಬೆಳಿಗ್ಗೆ ಮತ್ತೆ ಗುಜರಿ ಬಜಾರು. ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರ ಕಟ್ಟಬೇಕಲ್ಲ, ಆ ಸಿಎನ್‌ಸಿ ರೂಟರಿಗೆ ಹಳಿಗಳು ಸಿಕ್ಕಿದವು — ಯಾವುದೋ ಹಳೆಯ ಕಸೂತಿ ಯಂತ್ರದವು. ಬೆರಳಲ್ಲಿ ನೂಕಿ ನೋಡಿದೆ, ಬೆಣ್ಣೆಯಂತೆ ಜಾರಿದವು. ಮೋಟಾರುಗಳು ಮನೆಯಲ್ಲೇ ಇವೆ. ಇನ್ನು ಚೌಕಟ್ಟೊಂದೇ ಬಾಕಿ. ಮರದ ಪುಡಿ ಅದುಮಿದ ಎಂಡಿಎಫ್ ಹಲಗೆ ಬೇಡವೇ ಬೇಡ, ನಮ್ಮ ಸ್ಫಾಕ್ಸ್ ಊರಿನ ಕಡಲ ಗಾಳಿಗೆ ಚಹಾದಲ್ಲಿ ಅದ್ದಿದ ಬ್ರೆಡ್ಡಿನ ಹಾಗೆ ಉಬ್ಬುತ್ತದೆ. ಅಲ್ಯೂಮಿನಿಯಮ್ಮೋ, ಉಕ್ಕೋ?

ಗುಜರಿ ಅಂಗಡಿಯ ಖಮೀಸ್‌ಗೆ ತಮಾಷೆ. "ಏನ್ ದಲಂದಕ್ಕಾ, ಗಾರ್ಮೆಂಟ್ ಫ್ಯಾಕ್ಟರಿ ಮೆಕ್ಯಾನಿಕ್ ಕೆಲಸದಿಂದ ರಿಟೈರ್ ಆದ್ರೂ ಮೆಷಿನ್ ಹುಚ್ಚು ಬಿಡ್ಲಿಲ್ವಾ?"

"ಗಂಡನನ್ನಾದ್ರೂ ಬಿಟ್ಟೇನು, ಸ್ಪ್ಯಾನರ್ ಬಿಡಲ್ಲ" ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಆ ಗಂಡ ಈವತ್ತೂ ಕಾಫಿ ಅಂಗಡಿಯಲ್ಲೇ. ಮೂವತ್ತು ವರ್ಷ ಔದ್ ಎಂಬ ತಂತಿವಾದ್ಯ ಮಾಡಿದ ಮನುಷ್ಯ ಫೆರ್ಜಾನಿ. ಕೈ ನಡುಕ ಶುರುವಾಯಿತು. ಔದ್‌ನ ಎದೆಗೆ ಕೂರಿಸುವ ಮರದ ಜಾಲರಿ ಕೊರೆಯಲು ಆಗದೆ ಹೋಯಿತು. ಅಂದಿನಿಂದ ಕೆಳಗಿನ ವರ್ಕ್‌ಶಾಪಿನ ಬಾಗಿಲೇ ತೆಗೆದಿಲ್ಲ. ಈಗ ಮಾತಿಲ್ಲ, ಜಗಳವಿಲ್ಲ. ಸಾರು ಸೀದರೂ ಸುಮ್ಮನೆ ತಿನ್ನುತ್ತಾನೆ. ನನಗೆ ಅದೇ ಹೆದರಿಕೆ. ಯಂತ್ರ ಜಾಲರಿಯೊಂದನ್ನು ಕೊರೆದುಕೊಟ್ಟರೆ ಮಿಕ್ಕಿದ್ದಕ್ಕೆ ಅವನ ಕೈ ಸಾಕು. ದೇವರೇ, ಸಾಕಾಗಲಿ.

ಏಪ್ರಿಲ್ 20, ಶನಿವಾರ

ಫೆರ್ಜಾನಿಯನ್ನೂ ಗುಜರಿ ಬಜಾರಿಗೆ ಎಳೆದುಕೊಂಡೇ ಹೋದೆ. ಅವನ ಯಂತ್ರ, ಅವನೇ ಆರಿಸಲಿ. ಅಲ್ಯೂಮಿನಿಯಂ ತೊಲೆಗಳನ್ನು ಒಂದೊಂದಾಗಿ ತಟ್ಟಿದ, ಕಿವಿಗೊಟ್ಟ, ಮೂಗು ಮುರಿದ. ಕೊನೆಗೊಂದು 'ಠಣ್' ಅಂದಿತು.

"ಇದು! ಇದರಲ್ಲಿ ಜೀವ ಇದೆ."

ಅವನ ಮುಖ ಅಷ್ಟು ಅರಳಿದ್ದು ನೋಡಿ ಎಷ್ಟು ದಿನವಾಗಿತ್ತೋ. ಉಕ್ಕೇ ವಾಸಿ ಅನ್ನಿಸಿದರೂ ಬಾಯಿಗೆ ಬೀಗ ಹಾಕಿಕೊಂಡೆ. ಅದನ್ನೇ ತಂದೆವು.

ಮೇ 11, ಶನಿವಾರ

ಹಾಳಾಗಿ ಹೋಗಲಿ ಆ ಜೀವ! ಬ್ಲೇಡು ಮರಕ್ಕೆ ತಾಗಿದ್ದೇ ತಡ, ಚೌಕಟ್ಟಿಗೆ ಚೌಕಟ್ಟೇ ಅದುರಿ ಹಾಡತೊಡಗಿತು. ಅಕ್ರೋಟ್ ಹಲಗೆ ಇಲಿ ಕಡಿದ ಹಾಗಾಯಿತು. ಇನ್ನೊಂದು ಹಾಕಿದೆ, ಅದರದೂ ಅದೇ ಪಾಡು.

"ಇದಕ್ಕೂ ಕೈ ನಡುಗುತ್ತೆ ಕಣೇ" ಅಂದ. ಟೋಪಿ ಹಾಕಿಕೊಂಡು ಕಾಫಿ ಅಂಗಡಿಗೆ ಹೊರಟುಹೋದ.

ಅತ್ತುಬಿಟ್ಟೆ. ಆಮೇಲೆ ಎದ್ದು ಬೋಲ್ಟು ಬಿಚ್ಚತೊಡಗಿದೆ.

ಮೇ 13, ಸೋಮವಾರ

ಊಟದ ಹೊತ್ತಿಗೆ ಹೇಳಿಯೇಬಿಟ್ಟೆ. "ಔದ್‌ಗೆ ಹಾಡೋ ಮರ ಬೇಕು ಮಾರಾಯ. ಯಂತ್ರಕ್ಕೆ ಮೂಗನೇ ಬೇಕು. ನೀನು ಹೋಗಿ ಹೋಗಿ ಗಾಯಕನನ್ನ ಆರಿಸಿದ್ದೀಯ!"

ತುತ್ತು ಕೈಯಲ್ಲೇ ನಿಂತಿತು. "ಅಂದ್ರೆ... ಎಲ್ಲಕ್ಕಿಂತ ಕೆಟ್ಟ ದನಿಯದು ಹುಡುಕ್ಬೇಕಾ?"

"ದನಿಯೇ ಇಲ್ಲದ್ದು."

"ಅದು ನನಗೆ ಬಿಡು. ಇಷ್ಟು ವರ್ಷ ಎತ್ತಿ ಎಸೆದಿದ್ದೆಲ್ಲ ಅಂಥದ್ದೇ."

ಎರಡನೇ ಸಲ ಪಾಸ್ತಾ ಬಡಿಸಿಕೊಂಡ.

ಮೇ 15, ಬುಧವಾರ

ಖಮೀಸ್ ಅಂಗಡಿ. ಉಕ್ಕಿನ ಚೌಕ ಕೊಳವೆಗಳು. ಅಲ್ಲೂ ಫೆರ್ಜಾನಿಯದು ತಟ್ಟಿದ್ದೇ ತಟ್ಟಿದ್ದು.

"ಕಬ್ಬಿಣ ಕೊಳ್ಳೋಕೆ ಬಂದಿದ್ದೀಯೋ, ಹೆಣ್ಣು ನೋಡೋಕೋ?" ಖಮೀಸ್‌ಗೆ ತಾಳ್ಮೆ ತಪ್ಪಿತು.

"ಹೆಣ್ಣು ನೋಡುವಾಗ ಹೀಗೆ ತಟ್ಟಿ ನೋಡಿದ್ದಿದ್ರೆ ನನ್ನ ಗತಿ ಹೀಗ್ಯಾಕಾಗ್ತಿತ್ತು?"

ಎಲ್ಲರೆದುರು! ಬೆನ್ನಿಗೊಂದು ಗುದ್ದಿದೆ. ಒಳಗೊಳಗೇ ಖುಷಿ.

ಎಲ್ಲಕ್ಕಿಂತ ದಪ್ಪ ಕೊಳವೆಯೂ ಚೂರು ಗುಂಯ್‌ಗುಟ್ಟಿತು. ಫೆರ್ಜಾನಿ ಕೊಳವೆಯ ಬಾಯಿಗೆ ಅಂಗೈ ಮುಚ್ಚಿ, "ಬಾಯಿ ತುಂಬಿದ್ರೆ ಯಾರು ಹಾಡ್ತಾರೆ? ಮರಳು ತುಂಬಿಸೋಣ" ಅಂದ. ಸರಿಯಾದ ಮಾತು. ನನಗೆ ಮೊದಲೇ ಹೊಳೆಯಬೇಕಿತ್ತು.

ಮೇ 22, ಬುಧವಾರ

ಬೆಸುಗೆ ಮುಗಿಯಿತು. ಈ ಮಹಾನುಭಾವ ಕಡಲ ದಂಡೆಯಿಂದ ಮರಳು ಹೊತ್ತು ತಂದಿದ್ದಾನೆ! ಉಪ್ಪು ಕಬ್ಬಿಣವನ್ನು ಒಳಗಿಂದಲೇ ತಿಂದುಹಾಕುತ್ತದೆ ಎಂದರೆ, "ತೊಳೆದರಾಯ್ತು ಬಿಡು" ಅಂತ ಮಾಳಿಗೆಯ ಮೇಲೆ ಬಕೆಟ್ ಇಟ್ಟುಕೊಂಡು ಕೂತ. ಪ್ಯಾಂಟೆಲ್ಲ ಒದ್ದೆ. ಉಪ್ಪು ಹೋಯಿತೇ ಅಂತ ನಾಲಿಗೆಗೆ ಹಚ್ಚಿ ಬೇರೆ ನೋಡುತ್ತಾನೆ.

ಬೇಡ ಅನ್ನಲಿಲ್ಲ. ಬಿಸಿಲಿಗೆ ಒಣಗಲಿ.

ಜೂನ್ 8, ಶನಿವಾರ, ಮಧ್ಯಾಹ್ನ

ಆಯಿತು!

ಮರಳು ತುಂಬಿದ ಚೌಕಟ್ಟು ತುಟಿ ಪಿಟಕ್ಕೆನ್ನಲಿಲ್ಲ. ಬ್ಲೇಡಿನ ಗುಂಯ್ ಒಂದೇ. ಜಾಲರಿ ಎದ್ದು ಬಂತು — ಎಳೆ ಎಳೆಯೂ ಸ್ವಚ್ಛ. ಫೆರ್ಜಾನಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೈ ನಡುಗುತ್ತಿತ್ತು. ಒಂದೊಂದೇ ಎಳೆಯ ಮೇಲೆ ಬೆರಳಾಡಿಸಿದ.

"ಅಂಚು ಸ್ವಲ್ಪ ಉಜ್ಜಬೇಕು" ಅಂದ. "ಅದು ನನ್ನ ಕೆಲಸ. ನೀನು ಮುಟ್ಟಬೇಡ."

ಅಬ್ಬಾ! ಎದೆಯ ಮೇಲಿನ ಕಲ್ಲು ಇಳಿಯಿತು. ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತೆ.

ಜೂನ್ 10, ಸೋಮವಾರ

ಕಾಫಿ ಅಂಗಡಿಯವನು ದಾರಿಯಲ್ಲಿ ತಡೆದು ಕೇಳಿದ: "ಉಸ್ತಾದರು ಕಾಣ್ತಾನೇ ಇಲ್ಲ, ಹುಷಾರಿಲ್ವಾ?"

"ಹುಷಾರಾಗಿದ್ದಾರೆ. ಅದಕ್ಕೇ ಬರ್ತಿಲ್ಲ" ಅಂದೆ.

ಬಂದು ಚಹಾಕ್ಕೆ ಇಟ್ಟೆ. ಇದನ್ನು ಬರೆಯುತ್ತಿರುವಾಗಲೇ ಕೆಳಗಿನಿಂದ ಕೂಗು: "ದಲಂದಾ! ನನ್ನ ಅಂಟಿನ ಪಾತ್ರೆ ಯಾರು ಎತ್ತಿಟ್ಟಿದ್ದು? ಈ ಮನೇಲಿ ಇಟ್ಟ ಸಾಮಾನು ಇಟ್ಟಲ್ಲಿ ಇರೋದೇ ಇಲ್ವಲ್ಲ!"

ನಾನೇ ಎತ್ತಿಟ್ಟಿದ್ದು. ಎಲ್ಲಿದೆ ಅಂತಲೂ ಗೊತ್ತು. ಬೀದಿಗೆಲ್ಲ ಕೇಳುವ ಹಾಗೆ ಅರಚುತ್ತಿದ್ದಾನೆ. ಬಂದೆ ಅನ್ನಬೇಕು... ಅನ್ನುವುದಿಲ್ಲ. ಇನ್ನೊಂದು ಸಲ ಕೂಗಲಿ, ಈ ಜಗಳ ಕೇಳಿ ತಿಂಗಳುಗಳೇ ಆದವು.