ಚಿಪ್ಪು ಆರಿಸುವ ಕೆಲಸ

ಗೋವಾ, ಮಂಗಳವಾರ

ಅವ್ವಾ,

ಫೋನಿನಲ್ಲಾದರೆ ‘ಚೆನ್ನಾಗಿದೀನಿ’ ಅಂದುಬಿಡುತ್ತೇನೆ, ಅದಕ್ಕೇ ಈ ಕಾಗದ. ಶೆಡ್ಡಿನಲ್ಲಿ ವಸಂತಕ್ಕನ ಕೈಲಿ ಓದಿಸಿಕೋ.

ನನ್ನ ಕೆಲಸವೇನೆಂದು ಕೇಳಿದ್ದೆಯಲ್ಲ. ಸಮುದ್ರದ ತಳದಿಂದ ತಂದ ಕೆಸರಿನಲ್ಲಿ ಸಾಸಿವೆಗಿಂತ ಸಣ್ಣ ಚಿಪ್ಪುಗಳಿರುತ್ತವೆ, ಸಾವಿರಾರು ವರ್ಷ ಹಳೆಯವು. ಒಂದೇ ಜಾತಿಯವನ್ನು ಒದ್ದೆ ಕುಂಚದ ತುದಿಯಿಂದ ಆರಿಸಬೇಕು. ಕಾರ್ಬನ್ನಿನಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆ. ಕಡಲ ನೀರು ಮೇಲೆ ಬಂದು ಗಾಳಿ ಕಾಣದೆ ತಳದಲ್ಲೇ ಉಳಿದಷ್ಟೂ ಅದರಲ್ಲಿ ಹಗುರದ್ದು ಹೆಚ್ಚುತ್ತದೆ, ಚಿಪ್ಪಿಗೂ ಸೇರುತ್ತದೆ. ಅದನ್ನು ಅಳೆದು, ಆಗ ಕಡಲ ನೀರು ಹೇಗೆ ಹರಿಯುತ್ತಿತ್ತು ಎಂದು ತಿಳಿಯುತ್ತಾರೆ.

ಇಷ್ಟು ಚುರುಕಾಗಿ ಆರಿಸುವುದನ್ನು ಎಲ್ಲಿ ಕಲಿತೆ ಎಂದು ನಮ್ಮ ಲ್ಯಾಬಿನ ಮೇಡಂ ಕೇಳಿದರು. ಸಕಲೇಶಪುರದ ಕಾಫಿ ಶೆಡ್ಡಿನಲ್ಲಿ, ನಮ್ಮವ್ವನ ಪಕ್ಕ ಕೂತು ಕೆಟ್ಟ ಕರಿ ಬೀಜ ಆರಿಸುತ್ತಾ ಕಲಿತೆ ಎಂದೆ. ತಮಾಷೆ ಎಂದುಕೊಂಡು ನಕ್ಕರು.

‘ಕಣ್ಣು ಬೀಜದ ಮ್ಯಾಲಿರ್ಲಿ, ಬಾಯಿ ಎಲ್ಲಾದ್ರೂ ಇರ್ಲಿ ಕಣೇ’ ಅಂತಿದ್ದೆ ನೀನು. ಇಲ್ಲಿ ದಿನವಿಡೀ ಬಾಯಿ ಮುಚ್ಚೇ ಇರುತ್ತದೆ.

ಮುಂದಿನ ಸೋಮವಾರ ಹನ್ನೊಂದಕ್ಕೆ ಫೋನ್ ಮಾಡುತ್ತೇನೆ. ಎತ್ತಿ, ಮೊರದ ಪಕ್ಕ ಇಟ್ಟುಬಿಡು. ನನ್ನ ಜೊತೆ ಮಾತಾಡಬೇಕಿಲ್ಲ. ನೀವೆಲ್ಲ ನಿಮ್ಮ ಪಾಡಿಗೆ ಮಾತಾಡುತ್ತಿರಿ, ನಾನು ಚಿಪ್ಪು ಆರಿಸುತ್ತಿರುತ್ತೇನೆ.

ನಿನ್ನ ಮಗಳು,
ಸುಚಿತ್ರಾ